ಜರಿದ ಗುಡ್ಡಗಳ ಲೆಕ್ಕ ಇಡುವವರು ಯಾರು?

ಚಂಡಮಾರುತವೋ ದೊಡ್ಡ ಮಳೆಯೋ ಬಂದುಹೋದ ಮೇಲೆ ನಾವೆಲ್ಲ ಲೆಕ್ಕ ಹಾಕಲು ಕೂರುತ್ತೇವೆ. ಸತ್ತವರೆಷ್ಟು, ಬಿದ್ದ ಮನೆಗಳೆಷ್ಟು, ಮುರಿದ ಅಡಿಕೆ ಮರಗಳೆಷ್ಟು, ಪರಿಹಾರ ಎಷ್ಟು... ಈ ಲೆಕ್ಕ ಬೇಡವೆಂದು ಯಾರೂ ಹೇಳಲಾರರು. ಆದರೆ ಇನ್ನೊಂದು ಲೆಕ್ಕವಿದೆ. ಅದು ನೆಲದ ಲೆಕ್ಕ. ಎಷ್ಟು ಕಡೆ ಗುಡ್ಡ ಜರಿಯಿತು, ಎಲ್ಲಿ ನೆಲ ಬಿರುಕು ಬಿಟ್ಟಿತು, ಮಣ್ಣು ಎಲ್ಲಿಂದ ಹೊರಟು ಎಲ್ಲಿಯವರೆಗೆ ಹೋಯಿತು ಎಂಬ ಲೆಕ್ಕ. ಮನೆಯ ಮೇಲೆ ಬಿದ್ದ ಗುಡ್ಡ ಪತ್ರಿಕೆಯಲ್ಲಿ ಬರುತ್ತದೆ. ಯಾರ ಮೇಲೂ ಬೀಳದೆ ತೋಡಿಗೆ ಇಳಿದುಹೋದ ಗುಡ್ಡವನ್ನು ನಾವು ಎರಡೇ ವಾರದಲ್ಲಿ ಮರೆತುಬಿಡುತ್ತೇವೆ.

ನನ್ನ ವಾದ ಇಷ್ಟೇ: ಮುಂದಿನ ಸಲ ಯಾವ ಮನೆಗೆ ಅಪಾಯ ಎನ್ನುವುದು ಈ ಮರೆತುಹೋದ ಲೆಕ್ಕದಲ್ಲೇ ಇರುತ್ತದೆ. ಹಾಗಾಗಿ ಜರಿದ ಪ್ರತಿಯೊಂದು ಗುಡ್ಡವೂ ಲೆಕ್ಕಕ್ಕೆ ಸೇರಬೇಕು. ಆ ಲೆಕ್ಕ ಗುಡ್ಡದ ಕೆಳಗೆ ವಾಸಿಸುವವರ ಕೈಗೆ, ಅವರು ಓದುವ ಭಾಷೆಯಲ್ಲಿ ತಲುಪಬೇಕು. ನಮ್ಮಂಥ ಗಡಿನಾಡಿನ ಕನ್ನಡ ಶಾಲೆಗಳಿಗೆ ಈ ಎರಡನೆಯ ಮಾತು ಎಷ್ಟು ಮುಖ್ಯ ಎನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ದೂರ ಹೋಗಿ ಬರೋಣ.

ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟುವ ಚಂಡಮಾರುತಕ್ಕೆ ಹರಿಕೇನ್ ಎನ್ನುತ್ತಾರೆ. ನಮ್ಮ ಅರಬ್ಬೀ ಸಮುದ್ರ, ಬಂಗಾಳ ಕೊಲ್ಲಿಗಳಲ್ಲಿ ಹುಟ್ಟಿದರೆ ಅದೇ ಸೈಕ್ಲೋನ್. ಜಾತಿ ಒಂದೇ, ಹೆಸರು ಬೇರೆ. ಹರಿಕೇನ್ ಎಂದರೆ ಸಮುದ್ರ ಉಕ್ಕಿ ಬರುವುದು, ಮನೆಯ ಮಾಡು ಹಾರುವುದು ಎಂದಷ್ಟೇ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಅದು ಗುಡ್ಡಗಾಡಿಗೆ ಹೊಕ್ಕರೆ ಗಾಳಿಗಿಂತ ಮಳೆಯದ್ದೇ ದೊಡ್ಡ ಕಾಟ. ತಿಂಗಳಲ್ಲಿ ಬೀಳಬೇಕಾದ ಮಳೆ ಎರಡು ದಿನದಲ್ಲಿ ಸುರಿದರೆ ಇಳಿಜಾರಿನ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಏರಿ, ಅವುಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಆಗ ಗುಡ್ಡ ಜಾರುತ್ತದೆ.

2017ರ ಸೆಪ್ಟೆಂಬರ್ 20ರಂದು ಮರಿಯಾ ಎಂಬ ಹರಿಕೇನ್ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊ ದ್ವೀಪವನ್ನು ಹೊಕ್ಕಿತು. ಇದು ಅಮೆರಿಕದ ಆಡಳಿತಕ್ಕೆ ಸೇರಿದ ದ್ವೀಪ. ಜನರ ಭಾಷೆ ಮಾತ್ರ ಸ್ಪ್ಯಾನಿಷ್. ವಿಸ್ತೀರ್ಣ ಸುಮಾರು 8,900 ಚದರ ಕಿಲೋಮೀಟರು, ಅಂದರೆ ನಮ್ಮ ಕಾಸರಗೋಡು ಜಿಲ್ಲೆಯಂಥ ನಾಲ್ಕೂವರೆ ಜಿಲ್ಲೆಗಳಷ್ಟು. ನಡುವೆ ಬೆನ್ನೆಲುಬಿನಂತೆ ಬೆಟ್ಟಸಾಲು. ಎರಡು ವಾರ ಮೊದಲಷ್ಟೇ ಇರ್ಮಾ ಎಂಬ ಇನ್ನೊಂದು ಹರಿಕೇನ್ ಉತ್ತರದ ಕಡೆಯಿಂದ ಹಾದುಹೋಗಿತ್ತು. ಅದರ ಬೆನ್ನಿಗೇ ಮರಿಯಾ ಬಂದು ಬೆಟ್ಟಪ್ರದೇಶದಲ್ಲಿ ಎರಡೇ ದಿನಗಳಲ್ಲಿ 250 ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಸುರಿಸಿತು. ಕರೆಂಟು ಹೋಯಿತು, ಫೋನು ಸತ್ತಿತು, ಬೆಟ್ಟದ ರಸ್ತೆಗಳೆಲ್ಲ ಮಣ್ಣಿನಡಿ ಸೇರಿದವು. ಉಟ್ವಾಡೊ ಎಂಬ ಬೆಟ್ಟದೂರಿನ ಒಂದು ಭಾಗದಲ್ಲಿ ಸೇತುವೆಯೇ ಕೊಚ್ಚಿಹೋಗಿ ಜನ ಆಚೆ ಕಡೆ ಸಿಕ್ಕಿಬಿದ್ದರು. ಹೊಳೆಗೆ ಅಡ್ಡಲಾಗಿ ಹಗ್ಗ ಕಟ್ಟಿ, ಅಂಗಡಿಯ ಸಾಮಾನು ತಳ್ಳುವ ಗಾಡಿಯನ್ನು ಅದಕ್ಕೆ ನೇತುಹಾಕಿ ಅಕ್ಕಿ-ನೀರು ಎಳೆದುಕೊಂಡರು. ತಾವಿದ್ದ ಜಾಗಕ್ಕೆ 'ಮರೆತುಹೋದವರ ಶಿಬಿರ' ಎಂದು ಬೋರ್ಡು ಹಾಕಿಕೊಂಡರು!

ಸತ್ತವರ ಲೆಕ್ಕವೂ ಅಲ್ಲಿ ಸರಿಯಾಗಲಿಲ್ಲ. ಮೊದಲು ಸರಕಾರ ಹೇಳಿದ ಸಂಖ್ಯೆ 64. ಔಷಧಿ, ಕರೆಂಟು, ದಾರಿ ಇಲ್ಲದೆ ನಂತರದ ತಿಂಗಳುಗಳಲ್ಲಿ ತೀರಿಕೊಂಡವರನ್ನೂ ಅಧ್ಯಯನ ನಡೆಸಿ ಸೇರಿಸಿದ ಮೇಲೆ, 2018ರ ಆಗಸ್ಟಿನಲ್ಲಿ ಸರಕಾರವೇ ಒಪ್ಪಿಕೊಂಡ ಸಂಖ್ಯೆ 2,975. ಕಣ್ಣಿಗೆ ಕಂಡದ್ದನ್ನಷ್ಟೇ ಎಣಿಸಿದರೆ ಎಷ್ಟು ತಪ್ಪಿಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕೆ?

ಆದರೆ ನೆಲದ ಲೆಕ್ಕವನ್ನು ಮಾತ್ರ ಅವರು ಚೆನ್ನಾಗಿ ಮಾಡಿದರು. ಹೇಗೆ ಮಾಡಿದರು ಎನ್ನುವುದನ್ನು ನಮ್ಮ ಮಕ್ಕಳಿಗೆ ಒಂದು ಪಾಠವಾಗಿಯೇ ಹೇಳಬಹುದು.

ರಸ್ತೆ ಇಲ್ಲದ ಕಾರಣ ಮೊದಲು ಆಕಾಶದಿಂದ ನೋಡಿದರು. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಉಪಗ್ರಹ, ವಿಮಾನಗಳಿಂದ ತೆಗೆದ ಚಿತ್ರಗಳನ್ನು ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆಯವರು ಮುಂದಿಟ್ಟುಕೊಂಡರು. ಇಡೀ ದ್ವೀಪದ ಮೇಲೆ ಎರಡು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲದ ಚೌಕಗಳನ್ನು ಎಳೆದರು, ನಮ್ಮ ಮಕ್ಕಳ ಚೌಕುಳಿ ಪುಸ್ತಕದ ಹಾಗೆ. ಪ್ರತಿ ಚೌಕಕ್ಕೂ ಮೂರರಲ್ಲಿ ಒಂದು ಗುರುತು: ಜರಿತ ಇಲ್ಲ, ಚದರ ಕಿಲೋಮೀಟರಿಗೆ 25ಕ್ಕಿಂತ ಕಡಿಮೆ, 25ಕ್ಕಿಂತ ಹೆಚ್ಚು. ಪರಿಹಾರದವರು ಮೊದಲು ಎಲ್ಲಿಗೆ ಓಡಬೇಕು ಎನ್ನುವುದಕ್ಕೆ ಅಷ್ಟು ಸಾಕಾಗಿತ್ತು.

ಅವಸರ ಯಾಕೆ ಎಂದು ಕೇಳಬಹುದು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆನಾಡಿನಲ್ಲಿ ಜರಿದ ಜಾಗ ಎಷ್ಟು ದಿನ ಕೆಂಪಾಗಿ ಕಾಣುತ್ತದೆ? ಮುಂದಿನ ಮಳೆಗಾಲದ ಹೊತ್ತಿಗೆ ಹುಲ್ಲು, ಕಮ್ಯುನಿಸ್ಟ್ ಗಿಡ ಎದ್ದು ಹಸಿರು ಮುಚ್ಚಿಬಿಡುತ್ತದೆ. ರಸ್ತೆಯ ಮಣ್ಣನ್ನು ಜೆಸಿಬಿ ಒಂದೇ ದಿನದಲ್ಲಿ ತೆಗೆದುಬಿಡುತ್ತದೆ. ಗುರುತು ಅಳಿಸುವ ಮೊದಲೇ ಎಣಿಸಬೇಕು.

ಆಮೇಲೆ ಶುರುವಾಯಿತು ನಿಜವಾದ ತಾಳ್ಮೆಯ ಕೆಲಸ. ಮಾಯಾಗ್ವೆಸ್ ಎಂಬಲ್ಲಿರುವ ಪೋರ್ಟೊ ರಿಕೊ ವಿಶ್ವವಿದ್ಯಾಲಯದ ಭೂವಿಜ್ಞಾನಿಗಳೂ ಸರ್ವೇಕ್ಷಣಾ ಸಂಸ್ಥೆಯವರೂ ಸೇರಿ ಒಂದೊಂದು ಜರಿತವನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಜರಿತದ ತಲೆ, ಅಂದರೆ ಮೇಲ್ಗಡೆ ಮಣ್ಣು ಹರಿದುಕೊಂಡ ಜಾಗ ಎಲ್ಲಿದೆಯೋ ಅಲ್ಲಿ ನಕಾಶೆಯ ಮೇಲೆ ಒಂದು ಚುಕ್ಕಿ. ಚಿತ್ರದಲ್ಲಿ ಕಂಡದ್ದನ್ನು ಒಪ್ಪಿಸಿ ನೋಡಲು ತಂಡಗಳು ಬೆಟ್ಟ ಹತ್ತಿ ಮಣ್ಣಿನ ಆಳ, ಕಲ್ಲಿನ ಜಾತಿ, ಇಳಿಜಾರು ನೋಡಿದವು. 2019ರಲ್ಲಿ ಲೆಕ್ಕ ಮುಗಿದಾಗ ಸಿಕ್ಕ ಸಂಖ್ಯೆ 71,431. ಹೌದು, ಎಪ್ಪತ್ತೊಂದು ಸಾವಿರಕ್ಕೂ ಹೆಚ್ಚು! ಸರಾಸರಿ ನೋಡಿದರೆ ಚದರ ಕಿಲೋಮೀಟರಿಗೆ ಎಂಟು. ಇವುಗಳಲ್ಲಿ ಬಹುಪಾಲು ಯಾವ ಪತ್ರಿಕೆಯಲ್ಲೂ ಬಂದಿರಲಿಕ್ಕಿಲ್ಲ.

ಇಷ್ಟನ್ನೆಲ್ಲ ಎಣಿಸಿ ಆದ ಲಾಭವೇನು? ಮಳೆಯ ಪ್ರಮಾಣ ಒಂದನ್ನೇ ನೋಡಿದರೆ ಸಾಲದು ಎಂದು ತಿಳಿಯಿತು. ಮಣ್ಣು ಮೊದಲೇ ಎಷ್ಟು ನೆನೆದಿತ್ತು, ಅಡಿಯಲ್ಲಿರುವ ಕಲ್ಲು ಯಾವುದು ಎನ್ನುವುದೂ ಅಷ್ಟೇ ಮುಖ್ಯ. ಉಟ್ವಾಡೊದಲ್ಲಿ ಗ್ರಾನೈಟಿನ ಜಾತಿಯ ಕಲ್ಲು ಸವೆದು ಮರಳು ಮರಳಾದ ಮಣ್ಣಾಗಿದ್ದಲ್ಲಿ ಜರಿತ ಅತಿ ಹೆಚ್ಚು. ಈ ಲೆಕ್ಕವನ್ನೇ ಆಧಾರ ಮಾಡಿ 2020ರಲ್ಲಿ ಇಡೀ ದ್ವೀಪಕ್ಕೆ, ಜೋರು ಮಳೆ ಬಂದರೆ ಎಲ್ಲೆಲ್ಲಿ ಗುಡ್ಡ ಜರಿಯಬಹುದು ಎಂದು ತೋರಿಸುವ ನಕಾಶೆ ತಯಾರಾಯಿತು. ಮಣ್ಣಿನ ತೇವ ಅಳೆಯುವ ಯಂತ್ರಗಳನ್ನು ಬೆಟ್ಟದೂರುಗಳಲ್ಲಿ ಇಟ್ಟರು.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಅದೇ 2020ರಲ್ಲಿ ಅವರು ಜನಸಾಮಾನ್ಯರಿಗಾಗಿ ಒಂದು ಕೈಪಿಡಿ ಮಾಡಿದರು, ಅವರದ್ದೇ ಸ್ಪ್ಯಾನಿಷ್ ಭಾಷೆಯಲ್ಲಿ, ಚಿತ್ರಗಳ ಸಮೇತ. ಗುಡ್ಡ ಯಾಕೆ ಜರಿಯುತ್ತದೆ, ಮನೆಯ ಸುತ್ತ ಏನನ್ನು ಗಮನಿಸಬೇಕು, ಬಿರುಕು ಕಂಡರೆ ಏನು ಮಾಡಬೇಕು ಎಂದೆಲ್ಲ ಸರಳವಾಗಿ ಬರೆದರು. ಸ್ಥಳೀಯರನ್ನೂ ತುರ್ತುಸೇವೆಯವರನ್ನೂ ಜೊತೆಗೆ ಕೂರಿಸಿಕೊಂಡು ಬರೆದರು. ಲೆಕ್ಕ ನಕಾಶೆಯಾಗಿ, ನಕಾಶೆ ಕೈಪಿಡಿಯಾಗಿ, ಕೈಪಿಡಿ ಮನೆಗೆ ಬಂದು ಸೇರಿದರೆ ಮಾತ್ರ ಸರ್ವೆ ಮುಗಿದ ಹಾಗೆ. ಅಲ್ಲಿಯವರೆಗೆ ಅದು ಕಡತ ಅಷ್ಟೇ.

ಲೆಕ್ಕ ನಿಲ್ಲಿಸಿದರೆ ಏನಾಗುತ್ತದೆ ಎನ್ನುವುದಕ್ಕೂ ಅಮೆರಿಕದಲ್ಲೇ ಉದಾಹರಣೆ ಇದೆ. ಉತ್ತರ ಕ್ಯಾರೊಲಿನಾ ರಾಜ್ಯದ ಪಶ್ಚಿಮಕ್ಕೆ ಬೆಟ್ಟಸೀಮೆ ಇದೆ. 2004ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್, ಐವನ್ ಎಂಬ ಎರಡು ಹರಿಕೇನ್‌ಗಳ ಮಳೆ ಒಂದರ ಹಿಂದೆ ಒಂದು ಅಲ್ಲಿಗೆ ಬಂತು. ಪೀಕ್ಸ್ ಕ್ರೀಕ್ ಎಂಬಲ್ಲಿ ಗುಡ್ಡ ಕೆಸರಾಗಿ ಹರಿದು ಐದು ಮಂದಿ ಸತ್ತರು. ಸರಕಾರ ಎಚ್ಚೆತ್ತು ಬೆಟ್ಟದ ಜಿಲ್ಲೆಗಳ ಜರಿತದ ನಕಾಶೆ ಮಾಡಿಸಲು ಹೊರಟಿತು. ನಾಲ್ಕಾರು ಜಿಲ್ಲೆ ಮುಗಿಯುವಷ್ಟರಲ್ಲಿ ವಿರೋಧ. ನಕಾಶೆಯಲ್ಲಿ ಕೆಂಪು ಬಣ್ಣ ಬಿದ್ದರೆ ಜಾಗದ ಬೆಲೆ ಇಳಿಯುತ್ತದಲ್ಲ! 2011ರಲ್ಲಿ ಹಣ ನಿಲ್ಲಿಸಿ, ಕೆಲಸದವರನ್ನು ಮನೆಗೆ ಕಳಿಸಿದರು. ಮತ್ತೆ ಶುರುವಾದದ್ದು 2018ರಲ್ಲಿ. 2024ರ ಸೆಪ್ಟೆಂಬರ್ ಕೊನೆಗೆ ಹೆಲೀನ್ ಎಂಬ ಹರಿಕೇನ್ ಬಂದಾಗ ಕೆಲಸ ಇನ್ನೂ ಮುಗಿದಿರಲಿಲ್ಲ. ಆ ಮಳೆಗೆ ದಕ್ಷಿಣದ ಬೆಟ್ಟಸೀಮೆಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಡೆ ಗುಡ್ಡ ಜರಿಯಿತು. ಫೇರ್‌ವ್ಯೂ ಎಂಬ ಊರಿನಲ್ಲಿ ಒಂದೇ ಬಳಗದ 11 ಮಂದಿ ಹೋದರು. ಆ ಊರಿರುವ ಜಿಲ್ಲೆಯ ನಕಾಶೆ ಆಗಿತ್ತು ಎನ್ನುವುದನ್ನೂ ಹೇಳಬೇಕು. ಅಂದರೆ ನಕಾಶೆ ಇಲ್ಲದಿದ್ದರೆ ಕಷ್ಟ, ಇದ್ದೂ ಮನೆಗೆ ಮುಟ್ಟದಿದ್ದರೆ ಅದೂ ಕಷ್ಟವೇ.

'ಅದೆಲ್ಲ ಅಮೆರಿಕದ ಕತೆ ಮಾಷ್ಟ್ರೇ, ನಮಗೆ ಹರಿಕೇನ್ ಎಲ್ಲಿ ಬರುತ್ತದೆ?' ಎಂದು ನೀವು ಕೇಳಬಹುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಸವರಿಕೊಂಡೇ ಹೋದದ್ದು ಮರೆತಿಲ್ಲವಷ್ಟೆ? 2024ರ ಡಿಸೆಂಬರ್ 1ರಂದು ಫೆಂಗಲ್ ಚಂಡಮಾರುತದ ಮಳೆಗೆ ತಮಿಳುನಾಡಿನ ತಿರುವಣ್ಣಾಮಲೆಯಲ್ಲಿ ಬೆಟ್ಟದ ಬುಡದ ಮನೆಯ ಮೇಲೆ ಮಣ್ಣು-ಬಂಡೆ ಉರುಳಿ ಏಳು ಮಂದಿ ಸತ್ತರು, ಅವರಲ್ಲಿ ಐವರು ಮಕ್ಕಳು. ಇನ್ನು ಗುಡ್ಡಕ್ಕೆ ಮಳೆ ಯಾವ ಹೆಸರಿನಲ್ಲಿ ಬಂತು ಎನ್ನುವುದು ಗೊತ್ತಿರುವುದಿಲ್ಲ. ಹರಿಕೇನ್ ಎರಡು ದಿನದಲ್ಲಿ ಸುರಿಸುವಷ್ಟನ್ನು ನಮ್ಮ ಕರ್ಕಾಟಕದ ಮಳೆಯೂ ಸುರಿಸಬಲ್ಲದು.

ವಯನಾಡಿನದ್ದೇ ನೋಡಿ. 2024ರ ಜುಲೈ 30ರ ಬೆಳಗಿನ ಜಾವ ಮುಂಡಕ್ಕೈ, ಚೂರಲ್ಮಲದಲ್ಲಿ ಆದದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಮೊದಲಿನ 48 ಗಂಟೆಗಳಲ್ಲಿ ಆ ಭಾಗದಲ್ಲಿ 570 ಮಿಲಿಮೀಟರಿನಷ್ಟು ಮಳೆ ಬಿದ್ದಿತ್ತು. ಸುಮಾರು 1,550 ಮೀಟರ್ ಎತ್ತರದಲ್ಲಿ ಜರಿದ ಗುಡ್ಡ ಹೊಳೆಯ ದಾರಿ ಹಿಡಿದು ಎಂಟು ಕಿಲೋಮೀಟರಿನಷ್ಟು ಹರಿಯಿತು. 250ಕ್ಕೂ ಹೆಚ್ಚು ಜೀವ ಹೋಯಿತು. ದುರಂತದ ಮರುದಿನಗಳಲ್ಲೇ ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರ ಬಿಡುಗಡೆ ಮಾಡಿತು. ಅದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಅದೇ ಜಾಗದಲ್ಲಿ ಹಿಂದೆಯೂ ಗುಡ್ಡ ಜರಿದಿತ್ತು, ಅದು 2023ರ ಫೆಬ್ರವರಿಯಲ್ಲಿ ಪ್ರಕಟವಾದ ತಮ್ಮ ಭೂಕುಸಿತ ಅಟ್ಲಾಸಿನಲ್ಲಿ ದಾಖಲಾಗಿದೆ ಎಂದು.

ಈ ಮಾತನ್ನು ಸ್ವಲ್ಪ ನಿಧಾನವಾಗಿ ಓದಿ. ಲೆಕ್ಕ ಇತ್ತು! 1998ರಿಂದ 2022ರವರೆಗಿನ ಸುಮಾರು 80,000 ಭೂಕುಸಿತಗಳ ಪಟ್ಟಿಯಲ್ಲಿ ಆ ಒಂದು ಜಾಗವೂ ಇತ್ತು. ಆದರೆ ಹೈದರಾಬಾದಿನ ಆ ಪಟ್ಟಿಗೂ ಮುಂಡಕ್ಕೈಯ ತೋಟದ ಪಾಡಿಯಲ್ಲಿ ಮಲಗಿದ್ದವರಿಗೂ ನಡುವೆ ದಾರಿಯೇ ಇರಲಿಲ್ಲ. ಪಟ್ಟಿ ಮಾಡಿದವರ ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರು ತಮ್ಮ ಕೆಲಸ ಮಾಡಿದ್ದಾರೆ. ಅಲ್ಲಿಂದ ಇಲ್ಲಿಗೆ ತರುವ ಕೆಲಸ ಯಾರದು ಎನ್ನುವುದೇ ಪ್ರಶ್ನೆ.

ವಯನಾಡಿನಲ್ಲೇ ಒಂದು ಒಳ್ಳೆಯ ಮಾದರಿಯೂ ಇದೆ. ಅಲ್ಲಿನ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯುದ್ದಕ್ಕೂ 200ಕ್ಕೂ ಹೆಚ್ಚು ಕಡೆ ಮಳೆಮಾಪಕ ಇಟ್ಟು ದಿನದಿನದ ಲೆಕ್ಕ ಸಂಗ್ರಹಿಸುತ್ತದೆ. ಅಳೆಯುವವರಲ್ಲಿ ಕೃಷಿಕರೇ ಬಹಳ. ದುರಂತದ ಹಿಂದಿನ ದಿನವೇ, ಇಷ್ಟು ಮಳೆ ಬಿದ್ದಿದೆ, ಗುಡ್ಡ ಜರಿಯಬಹುದು ಎಂದು ಅವರು ಜಿಲ್ಲಾಡಳಿತಕ್ಕೆ ತಿಳಿಸಿದ್ದರು. ಹಾಗಾಗಿ 'ಇದೆಲ್ಲ ವಿಜ್ಞಾನಿಗಳ ಕೆಲಸ, ನಮಗೇನು ಗೊತ್ತಾಗುತ್ತದೆ' ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ದೊಡ್ಡ ಸರ್ವೆಗಳಿಗೂ ಮಿತಿ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ದೇಶದ ಬೆಟ್ಟಪ್ರದೇಶಗಳಿಗೆ ಮಾಡಿರುವ ಜರಿತದ ನಕಾಶೆ 1:50,000 ಪ್ರಮಾಣದ್ದು. ಏಳನೆಯ ತರಗತಿಯ ಮಗುವೂ ಲೆಕ್ಕ ಮಾಡಬಹುದು: ನಕಾಶೆಯ ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಐವತ್ತು ಮೀಟರ್ ಉದ್ದದ ಶಾಲೆಯ ಅಂಗಳ ಅದರಲ್ಲಿ ಒಂದು ಮಿಲಿಮೀಟರ್! ಇಡೀ ಜಿಲ್ಲೆಯ ಯೋಜನೆಗೆ ಇದು ಬೇಕೇ ಬೇಕು. ಆದರೆ ಅಂಗಳದ ಹಿಂದಿನ ಬರೆ ಕಳೆದ ವರ್ಷ ಎರಡು ಅಡಿ ಜಾರಿದೆ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಅದು ಗೊತ್ತಿರುವುದು ಶಾಲೆಯ ಅಡುಗೆಯ ಅಕ್ಕನಿಗೆ, ಪಕ್ಕದ ತೋಟದವರಿಗೆ, ದಿನಾ ಆ ದಾರಿಯಲ್ಲಿ ಬರುವ ಮಕ್ಕಳಿಗೆ. 2018ರ ಮಳೆಗಾಲದಲ್ಲಿ ಕೇರಳದಲ್ಲಿ ಜರಿದ ಗುಡ್ಡಗಳನ್ನು ಸಂಶೋಧಕರು ಉಪಗ್ರಹ ಚಿತ್ರ ನೋಡಿ ಎಣಿಸಿದಾಗ ಸಿಕ್ಕಿದ್ದು 4,728. ನೆಲಮಟ್ಟದಿಂದ ಎಣಿಸಿದ್ದರೆ, ಮನೆ ಹಿಂದಿನ ಬರೆಗಳೆಲ್ಲ ಸೇರಿದ್ದರೆ ಎಷ್ಟಾಗುತ್ತಿತ್ತು ಎಂದು ನೀವೇ ಊಹಿಸಿ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ಗಡಿಯ ಈಚೆಗಿರುವ ನಮ್ಮ ಶಾಲೆಗಳಿಗೆ ಮಳೆಗಾಲದಲ್ಲಿ ಬರುವ ಎಚ್ಚರಿಕೆಗಳು ಯಾವ ಭಾಷೆಯಲ್ಲಿರುತ್ತವೆ ಎನ್ನುವುದು ನಿಮಗೆ ಗೊತ್ತು. ಮಲಯಾಳ, ಇಲ್ಲವೇ ಇಂಗ್ಲಿಷ್. ಕನ್ನಡದಲ್ಲಿ ಬಂದರೆ ಪುಣ್ಯ. ರಾತ್ರಿ ಒಂಬತ್ತಕ್ಕೆ ಮೊಬೈಲಿಗೆ ಬಂದ ಸಂದೇಶವನ್ನು ಯಾರಾದರೊಬ್ಬ ಅಧ್ಯಾಪಕರು ಕನ್ನಡಕ್ಕೆ ತಿರುಗಿಸಿ ಹೆತ್ತವರ ಗುಂಪಿಗೆ ಹಾಕುವುದು ರೂಢಿ. ಆ ಅಧ್ಯಾಪಕರ ಫೋನಿನಲ್ಲಿ ಚಾರ್ಜು ಇಲ್ಲದಿದ್ದರೆ? 'ನಮ್ಮವರಿಗೆ ಮಲಯಾಳ ಅರ್ಥವಾಗುತ್ತದೆ' ಎನ್ನುತ್ತಾರೆ. ಪೇಟೆಯಲ್ಲಿ ಮಾತಾಡುವಷ್ಟು ಅರ್ಥವಾಗುತ್ತದೆ, ನಿಜ. ಮನೆಯಲ್ಲಿ ತುಳುವೋ ಕನ್ನಡವೋ ಮರಾಟಿಯೋ ಆಡುವ, ಕನ್ನಡ ಮಾತ್ರ ಓದಲು ಬರುವ ಅಜ್ಜಿಗೆ ಸರಕಾರಿ ಮಲಯಾಳದಲ್ಲಿ ಬರೆದ ಸೂಚನೆ ಅರ್ಥವಾಗುತ್ತದೆ ಎಂದು ಯಾರು ಹೇಳಿದರು? ಕನ್ನಡ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರಕಾರದೊಂದಿಗೆ ವ್ಯವಹರಿಸಬಹುದು ಎಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಹೇಳಿದೆ. ಅರ್ಜಿ ಬರೆಯಲು ಇರುವ ಹಕ್ಕು ಜೀವ ಉಳಿಸಿಕೊಳ್ಳಲು ಬೇಡವೇ?

2025ರ ನವೆಂಬರ್ ಕೊನೆಯಲ್ಲಿ ಶ್ರೀಲಂಕಾವನ್ನು ದಿತ್ವಾ ಚಂಡಮಾರುತ ಹೊಕ್ಕಾಗ ಬೆಟ್ಟದ ಜಿಲ್ಲೆಗಳಲ್ಲಿ ಗುಡ್ಡಗಳು ಸಾಲುಸಾಲಾಗಿ ಜರಿದವು, ದೇಶದಲ್ಲಿ 600ಕ್ಕೂ ಹೆಚ್ಚು ಮಂದಿ ಸತ್ತರು. ಆ ಬೆಟ್ಟಗಳ ಚಹಾ ತೋಟದ ಸಾಲುಮನೆಗಳಲ್ಲಿರುವವರು ಹೆಚ್ಚಾಗಿ ತಮಿಳರು. ತಮಿಳಿನಲ್ಲಿ ಎಚ್ಚರಿಕೆ ಸಮಯಕ್ಕೆ ಸರಿಯಾಗಿ ಬರಲಿಲ್ಲ ಎಂಬ ದೂರು ಆಗ ಕೇಳಿಬಂತು. ಇದನ್ನು ಓದಿದಾಗ ನನಗೆ ನಮ್ಮ ಊರೇ ನೆನಪಾಯಿತು. ಭಾಷೆಯ ಪ್ರಶ್ನೆ ಎಂದರೆ ಬರೀ ಅಭಿಮಾನದ ಪ್ರಶ್ನೆ ಎಂದು ತಿಳಿದವರು ಇದನ್ನೊಮ್ಮೆ ಯೋಚಿಸಬೇಕು.

ನಮ್ಮ ಕಡೆಯಿಂದಲೂ ಒಂದು ಕೆಲಸ ಬಾಕಿ ಇದೆ. ಮಲಯಾಳದಲ್ಲಿ ಮಣ್ಣು ಕುಸಿಯುವುದಕ್ಕೆ 'ಮಣ್ಣಿಡಿಚ್ಚಿಲ್', ನೀರು-ಕಲ್ಲು-ಮರ ಸಮೇತ ಗುಡ್ಡ ಒಡೆದು ಹರಿದುಬರುವುದಕ್ಕೆ 'ಉರುಳ್‌ಪೊಟ್ಟಲ್'. ಕೇಳಿದ ಕೂಡಲೇ ಯಾವುದು ಎಂದು ಗೊತ್ತಾಗುತ್ತದೆ. ನಮ್ಮ ಕನ್ನಡ ಪತ್ರಿಕೆಗಳಲ್ಲಿ ಎಲ್ಲಕ್ಕೂ ಒಂದೇ 'ಭೂಕುಸಿತ'. ಮನೆಮಾತಿನಲ್ಲಿ ಹಾಗಿಲ್ಲ. ಬರೆ ಜರಿಯಿತು ಎನ್ನುತ್ತೇವೆ, ಗುಡ್ಡ ಜಾರಿತು ಎನ್ನುತ್ತೇವೆ, ನೆಲ ಬಾಯಿಬಿಟ್ಟಿತು ಎನ್ನುತ್ತೇವೆ. ಕೊಡಗಿನವರು 2018ರಲ್ಲಿ ಜಲಸ್ಫೋಟ ಎಂದರು. ಇವೆಲ್ಲ ಬೇರೆ ಬೇರೆ ಸಂಗತಿಗಳು, ಬೇರೆ ಬೇರೆ ಅಪಾಯಗಳು. ಕನ್ನಡದಲ್ಲಿ ಲೆಕ್ಕ ಬರೆಯುವುದಾದರೆ ಈ ಮಾತುಗಳನ್ನೇ ಬಳಸಿ ಬರೆಯೋಣ. ನಮ್ಮಲ್ಲಿ ಸುರಂಗ ತೋಡುವವರಿದ್ದಾರೆ. ಎಲ್ಲಿ ಮುರಕಲ್ಲು ಗಟ್ಟಿ, ಎಲ್ಲಿ ಜೇಡಿ ಮಣ್ಣು ಸಿಕ್ಕಿ ಮಾಡು ಕುಸಿಯುತ್ತದೆ ಎಂದು ಅವರಿಗೆ ಗೊತ್ತು. ಮುರಕಲ್ಲಿನ ಅಡಿಯ ಮೆದು ಮಣ್ಣನ್ನು ನೀರೇ ಒಳಗೊಳಗೆ ಕೊರೆದು ಟೊಳ್ಳು ಮಾಡುವುದನ್ನು ವಿಜ್ಞಾನಿಗಳು ಕಾಸರಗೋಡು ಜಿಲ್ಲೆಯಲ್ಲೂ ಅಧ್ಯಯನ ಮಾಡಿದ್ದಾರೆ. ಆ ಅಧ್ಯಯನವೂ ಸುರಂಗದವರ ಅನುಭವವೂ ಒಂದೇ ಪುಸ್ತಕದಲ್ಲಿ ಸೇರಿದರೆ ಎಷ್ಟು ಚೆನ್ನ!

ಸರಿ, ಶಾಲೆ ಏನು ಮಾಡಬಹುದು? ನನ್ನ ಸಲಹೆ ಇದು. ಪ್ರತಿ ಕನ್ನಡ ಶಾಲೆಯಲ್ಲೂ ಒಂದು 'ಗುಡ್ಡದ ಪುಸ್ತಕ' ಇರಲಿ. ಇನ್ನೂರು ಪುಟದ ನೋಟುಪುಸ್ತಕ ಸಾಕು. ಶಾಲೆಗೆ ಮಕ್ಕಳು ಬರುವ ಪ್ರದೇಶದಲ್ಲಿ ಯಾವುದೇ ಜರಿತವಾಗಲಿ, ಸಣ್ಣದಾದರೂ ಅದರಲ್ಲಿ ಬರೆಯುವುದು. ತಾರೀಕು, ಜಾಗದ ಹೆಸರು, ಜರಿದ ಅಗಲ ಎಷ್ಟು ಹೆಜ್ಜೆ, ಮಣ್ಣು ಎಷ್ಟು ದೂರ ಹೋಯಿತು, ಮೇಲ್ಗಡೆ ಏನಿದೆ (ಕಾಡೋ, ರಬ್ಬರೋ, ಹೊಸದಾಗಿ ಕಡಿದ ರಸ್ತೆಯೋ, ಕಲ್ಲಿನ ಕೋರೆಯೋ), ಹಿಂದಿನ ಎರಡು ದಿನ ಬಿದ್ದ ಮಳೆ ಎಷ್ಟು. ಒಂದು ಚಿತ್ರ, ಪಕ್ಕದಲ್ಲಿ ಅಳತೆಗೆ ಒಂದು ಕೊಡೆ. ಹಿರಿಯರನ್ನು ಕೇಳಿ ಹಳೆಯ ಜರಿತಗಳನ್ನೂ ಬರೆಯಬೇಕು. ಮಕ್ಕಳು ಅಜ್ಜ-ಅಜ್ಜಿಯರನ್ನು ಕೇಳಿ ತಂದರೆ ಅದೇ ಒಳ್ಳೆಯ ಪ್ರಾಜೆಕ್ಟು.

ಮಳೆ ಅಳೆಯಲು ಮಳೆಮಾಪಕ ದೊಡ್ಡ ಖರ್ಚಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಡಬ್ಬವಾದರೂ ನಡೆಯುತ್ತದೆ. ಬೆಳಿಗ್ಗೆ ಒಂದೇ ಹೊತ್ತಿಗೆ ಸ್ಕೇಲು ಇಟ್ಟು ನೋಡಿದರಾಯಿತು. ಬಿರುಕು ಅಳೆಯುವುದು ಇನ್ನೂ ಸುಲಭ. ಬಿರುಕಿನ ಈಚೆಗೊಂದು ಆಚೆಗೊಂದು ಗೂಟ ಹೊಡೆದು, ನಡುವಿನ ದೂರವನ್ನು ದೊಡ್ಡವರು ವಾರಕ್ಕೊಮ್ಮೆ ಟೇಪಿನಲ್ಲಿ ಅಳೆದು ಬರೆಯಬೇಕು. ದೂರ ಹೆಚ್ಚುತ್ತಿದ್ದರೆ ನೆಲ ನಡೆಯುತ್ತಿದೆ ಎಂದರ್ಥ. ಇದ್ದಕ್ಕಿದ್ದಂತೆ ಕಲಕಿ ಬರುವ ತೋಡಿನ ನೀರು, ಅಥವಾ ಜೋರು ಮಳೆಯಲ್ಲೂ ಏಕಾಏಕಿ ನಿಂತುಹೋಗುವ ತೋಡು, ವಾಲಿದ ಮರ, ವಾಲಿದ ವಿದ್ಯುತ್ ಕಂಬ, ಮುಚ್ಚಲಾಗದೆ ಸಿಕ್ಕಿಕೊಳ್ಳುವ ಬಾಗಿಲು, ಇವನ್ನು ಕಂಡರೆ ಪುಸ್ತಕ ಆಮೇಲೆ. ಮೊದಲು ಮನೆ ಬಿಟ್ಟು ಹೊರಡಬೇಕು, ವಿಲ್ಲೇಜ್ ಆಫೀಸಿಗೂ ಪಂಚಾಯತಿಗೂ ಹೇಳಬೇಕು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಜರಿದ ಜಾಗಕ್ಕೆ ಮಕ್ಕಳನ್ನು ಕಳಿಸಬಾರದು. ಒಮ್ಮೆ ಜರಿದದ್ದು ಮತ್ತೆ ಜರಿಯುತ್ತದೆ. ಮುಂಡಕ್ಕೈಯಲ್ಲಿ ಅದೇ ರಾತ್ರಿ ಕೆಲವೇ ಗಂಟೆಗಳ ಅಂತರದಲ್ಲಿ ಎರಡನೆಯ ಸಲ ಬಂತು. ಅಳೆಯುವುದು ದೊಡ್ಡವರು, ಮಳೆ ಬಿಟ್ಟ ಮೇಲೆ, ದೂರದಿಂದ. ಮಕ್ಕಳ ಕೆಲಸ ಬರೆಯುವುದು, ಲೆಕ್ಕ ಮಾಡುವುದು, ನಕಾಶೆಯ ಮೇಲೆ ಚುಕ್ಕಿ ಇಡುವುದು.

ವಿರೋಧ ಬರುತ್ತದೆ, ಗೊತ್ತು. ಉತ್ತರ ಕ್ಯಾರೊಲಿನಾದಲ್ಲಿ ಬಂದದ್ದೇ ಇಲ್ಲೂ ಬರುತ್ತದೆ. 'ನೀವು ಹೀಗೆಲ್ಲ ಬರೆದಿಟ್ಟರೆ ನಾಳೆ ಜಾಗ ಮಾರುವುದು ಹೇಗೆ, ಬ್ಯಾಂಕು ಸಾಲ ಕೊಡುತ್ತದೆಯೇ, ನಮ್ಮನ್ನು ಎಬ್ಬಿಸಿದರೆ ಎಲ್ಲಿಗೆ ಹೋಗುವುದು?' ಈ ಹೆದರಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೂರು ಸೆಂಟು ಜಾಗ ಇರುವವರಿಗೆ ಆ ಮೂರು ಸೆಂಟೇ ಸರ್ವಸ್ವ. ಗುಡ್ಡದ ಬುಡದಲ್ಲಿ ಮನೆ ಕಟ್ಟಿದವರು ಆಸೆಯಿಂದ ಕಟ್ಟಿದ್ದಲ್ಲ, ಬೇರೆ ಕಡೆ ಜಾಗ ಸಿಗದೆ ಕಟ್ಟಿದ್ದು. ಆದ್ದರಿಂದ ನಮ್ಮ ಪುಸ್ತಕದ ಉದ್ದೇಶ ಯಾರನ್ನೂ ಎಬ್ಬಿಸುವುದಲ್ಲ ಎನ್ನುವುದು ಸ್ಪಷ್ಟವಿರಬೇಕು. ಯಾವ ಮನೆಯವರು ಜೋರು ಮಳೆಯ ರಾತ್ರಿ ಶಾಲೆಗೆ ಬಂದು ಮಲಗಬೇಕು, ಎಲ್ಲಿ ಚರಂಡಿ ಬೇಕು, ಎಲ್ಲಿ ಗುಡ್ಡ ಕಡಿಯಲು ಬಿಡಬಾರದು ಎಂದು ಗ್ರಾಮಸಭೆಯಲ್ಲಿ ಕೇಳಲು ನಮ್ಮ ಕೈಯಲ್ಲಿ ಆಧಾರ ಬೇಕು. ಹೋಗಲೇಬೇಕಾದವರಿಗೆ ಬೇರೆ ಜಾಗ ಕೊಡಿ ಎಂದು ಒತ್ತಾಯಿಸಲೂ ಅದೇ ಆಧಾರ. ಲೆಕ್ಕ ಇಲ್ಲದವರ ಮಾತು ಕಚೇರಿಯಲ್ಲಿ ನಡೆಯುವುದಿಲ್ಲ.

ಸರಕಾರವನ್ನು ಕೇಳಬೇಕಾದದ್ದೂ ಇದೆ. ನಕಾಶೆಗಳನ್ನು ವಾರ್ಡು ಮಟ್ಟಕ್ಕೆ ಇಳಿಸಿ ಶಾಲೆಗಳ ಗೋಡೆಗೆ ಹಾಕಲಿ. ಕಾಸರಗೋಡಿನ ಕನ್ನಡ ಪ್ರದೇಶಗಳಲ್ಲಿ ಎಚ್ಚರಿಕೆ ಕನ್ನಡದಲ್ಲೂ ಅದೇ ಹೊತ್ತಿಗೆ ಬರಲಿ, ಮರುದಿನವಲ್ಲ. ಪೋರ್ಟೊ ರಿಕೊದವರು ಮಾಡಿದಂಥ ಕೈಪಿಡಿಯೊಂದನ್ನು ಮಲಯಾಳದಲ್ಲಿ ಮಾಡುವಾಗ ಕನ್ನಡದಲ್ಲೂ ಮಾಡಲಿ. ಅನುವಾದಕ್ಕೆ ಜನ ಇಲ್ಲ ಎಂದರೆ ನಾವಿದ್ದೇವೆ. ಪಠ್ಯಪುಸ್ತಕ ಬರುವವರೆಗೆ ಪಾಠಗಳನ್ನು ನಾವೇ ಅನುವಾದಿಸಿಕೊಂಡು ಪಾಠ ಮಾಡಿದ ಅಭ್ಯಾಸ ಹೇಗೂ ಇದೆಯಲ್ಲ!

ಈ ಸಲದ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ನಾನು ಈ ವಿಷಯ ಎತ್ತುವವನಿದ್ದೇನೆ. ನಿಮ್ಮ ಶಾಲೆಯಲ್ಲೂ ಎತ್ತಿ ನೋಡಿ. ವಯನಾಡು, ನೀಲಗಿರಿ, ತಾಳವಾಡಿಯ ಗೆಳೆಯರೇ, ನಿಮ್ಮ ಕಡೆ ಜರಿತಕ್ಕೆ ಏನೇನು ಮಾತುಗಳಿವೆ, ಹಿರಿಯರು ಏನನ್ನು ನೋಡಿ 'ಇನ್ನು ಗುಡ್ಡ ಬರುತ್ತದೆ' ಎಂದು ಹೇಳುತ್ತಿದ್ದರು, ಬರೆದು ತಿಳಿಸಿ. ಎಲ್ಲವನ್ನೂ ಸೇರಿಸಿ ಎಲ್ಲ ಶಾಲೆಗೂ ಆಗುವಂಥ ಒಂದು ನಮೂನೆ ಮಾಡೋಣ. ಮುಂದಿನ ಜೂನಿಗೆ ಶಾಲೆ ಬಾಗಿಲು ತೆರೆಯುವ ಮೊದಲು ಪುಸ್ತಕದ ಮೊದಲ ಪುಟ ಸಿದ್ಧವಾಗಿರಲಿ. ಏನಂತೀರಿ?